ಮನೆಯಿಂದ ಹೊರಬರಲಾಗದವರಿಗೆ ಮಾಸಾಶನ ಮತ್ತು ಮನೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಚಿಕ್ಕಪ್ಪ ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಮೊದಲ ವರ್ಷ ಯಾರು ಯಾವ ಕಚೇರಿಯ ಹೆಸರು ಹೇಳಿದರೂ ನಾವು ಅವರನ್ನು ಎತ್ತಿಕೊಂಡು ಹೊರಡುತ್ತಿದ್ದೆವು. ಓಮ್ನಿಯ ಹಿಂದಿನ ಸೀಟು ತೆಗೆದು ಹಾಸಿಗೆ ಹಾಸುವುದು, ಮಲೆನಾಡಿನ ತಿರುವುಗಳಲ್ಲಿ ಅವರು ಹಲ್ಲು ಕಚ್ಚಿ ಮಲಗಿರುವುದು. ಒಂದು ಕಚೇರಿಯಲ್ಲಿ ಮೂರು ಗಂಟೆ ಕಾದ ಮೇಲೆ ‘ಸಾಹೇಬರು ಇವತ್ತು ಬರಲ್ಲ’ ಅಂದರು. ಅಷ್ಟರಲ್ಲಿ ವಾಸಿಯಾಗುತ್ತಿದ್ದ ಹಾಸಿಗೆ ಹುಣ್ಣು ಮತ್ತೆ ಬಾಯಿಬಿಟ್ಟಿತ್ತು. ಅದು ಮಾಯಲು ಎರಡು ತಿಂಗಳು ಬೇಕಾಯಿತು.

ಆಮೇಲೆ ತಿಳಿಯಿತು. ಇಷ್ಟೆಲ್ಲ ಕೆಲಸದಲ್ಲಿ ಅವರೇ ಖುದ್ದಾಗಿ ಇರಬೇಕಾದದ್ದು ವೈದ್ಯರ ತಪಾಸಣೆಗೆ ಮಾತ್ರ. ಮಿಕ್ಕ ಕಡೆಯೆಲ್ಲ ಕಾಗದ ಓಡಾಡಿದರೆ ಸಾಕು. ಕೆಲವು ಕಚೇರಿಗಳಂತೂ ಕೇಳಿದರೆ ಮನೆಗೇ ಬರಬೇಕು. ನಮ್ಮ ಹಾಗೆ ಯಾರೂ ಒದ್ದಾಡಬಾರದು ಅಂತ, ಕರ್ನಾಟಕದಲ್ಲಿ ಈ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಿಕೊಂಡರೆ ಅನುಕೂಲ ಎಂದು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳಿ

ಮಲಗಿದವರ ತಲೆಯ ಮೇಲಿಂದ ಮನೆಯವರು ಮಾತಾಡಿಕೊಳ್ಳುವುದು ನಮ್ಮಲ್ಲಿ ತುಂಬ ಸಾಮಾನ್ಯ. ಕಾಲು ಹೋಗಿದೆ, ಬುದ್ಧಿ ಹೋಗಿಲ್ಲ ಅಲ್ವಾ? ಯಾವ ಬ್ಯಾಂಕ್ ಖಾತೆಗೆ ಹಣ ಬರಬೇಕು, ಮನೆ ಯಾರ ಹೆಸರಿಗೆ ಆಗಬೇಕು, ಊರಲ್ಲೇ ಇರುತ್ತಾರಾ ಇಲ್ಲ ಮಗಳ ಮನೆಗೆ ಹೋಗುತ್ತಾರಾ, ಎಲ್ಲವನ್ನೂ ಅವರೇ ಹೇಳಲಿ. ಅರ್ಜಿದಾರರು ಅವರು, ನಾವು ಓಡಾಡುವವರು. ಸಹಿ ಹಾಕಲು ಆಗದಿದ್ದರೆ ಹೆಬ್ಬೆಟ್ಟು ಒತ್ತಬಹುದು.

ಇನ್ನು ಒಂದು ಫೈಲ್ ಮಾಡಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ವರದಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೊಗಳು. ಪ್ರತಿಯೊಂದರ ಐದೈದು ಜೆರಾಕ್ಸ್ ಇರಲಿ. ಎಲ್ಲ ಕಾಗದದಲ್ಲೂ ಹೆಸರು ಒಂದೇ ತರಹ ಇದೆಯಾ ನೋಡಿ. ಆಧಾರ್‌ನಲ್ಲಿ ‘ಮಂಜಪ್ಪ’, ಪಾಸ್‌ಬುಕ್‌ನಲ್ಲಿ ‘ಮಂಜುನಾಥ’ ಇದ್ದರೆ ಈಗಲೇ ಸರಿಮಾಡಿಸಿ. ಮುಂದೆ ಹಣ ನಿಲ್ಲುವುದು ಇಂಥ ಸಣ್ಣ ವ್ಯತ್ಯಾಸಕ್ಕೇ.

ಆಧಾರ್ ತಿದ್ದುಪಡಿಗೂ ಹೊತ್ತುಕೊಂಡು ಹೋಗಬೇಕಿಲ್ಲ. ಹಾಸಿಗೆ ಹಿಡಿದವರ ಮನೆಗೇ ಬಂದು ಮಾಡಿಕೊಡುವ ಸೌಲಭ್ಯ ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನಲ್ಲಿದೆ. ಅದಕ್ಕೆ ಶುಲ್ಕ ಇದೆ. 1947ಕ್ಕೆ ಕರೆ ಮಾಡಿ ಕೇಳಿ. ಬೆರಳಚ್ಚು ಅಥವಾ ಕಣ್ಣಿನ ಪಾಪೆ ದಾಖಲಿಸಲು ಆಗದವರಿಗೆ ನಿಯಮದಲ್ಲೇ ವಿನಾಯಿತಿ ಇದೆ.

ಅಪಘಾತವಾಗಿದ್ದರೆ ಪಾಸ್‌ಬುಕ್ ತಿರುವಿ ಹಾಕಿ

ಇದನ್ನು ಇಷ್ಟು ಮೊದಲೇ ಹೇಳಲು ಕಾರಣ ಇದೆ. ಇದಕ್ಕೆ ಗಡುವು ಇದೆ. ಪಾಸ್‌ಬುಕ್‌ನಲ್ಲಿ ಮೇ ಕೊನೆ, ಜೂನ್ ಆರಂಭದ ಸುಮಾರಿಗೆ 20 ರೂಪಾಯಿ ಕಡಿತವಾಗಿದೆಯಾ ನೋಡಿ. 2022ರ ಜೂನ್‌ಗೆ ಮುಂಚೆ ಅದು 12 ರೂಪಾಯಿ ಇತ್ತು. ಕಡಿತವಾಗಿದ್ದರೆ ಅವರು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿದ್ದಾರೆ. 18ರಿಂದ 70 ವರ್ಷದವರಿಗೆ ಈ ವಿಮೆ ಇದೆ. ಅಪಘಾತದಿಂದ ಎರಡೂ ಕಾಲಿನ ಬಳಕೆ ಪೂರ್ತಿ ಹೋಗಿದ್ದರೆ 2 ಲಕ್ಷ, ಒಂದು ಕಾಲು ಅಥವಾ ಒಂದು ಕೈಯ ಬಳಕೆ ಹೋಗಿದ್ದರೆ 1 ಲಕ್ಷ ರೂಪಾಯಿ. ಅಪಘಾತವಾದ 30 ದಿನದೊಳಗೆ ಬ್ಯಾಂಕಿಗೆ ಅರ್ಜಿ ಕೊಡಬೇಕು. ಆಸ್ಪತ್ರೆಯ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ತಡವಾಗಿದ್ದರೂ ತಡವಾದ ಕಾರಣ ಬರೆದು ಅರ್ಜಿ ಕೊಟ್ಟುಬಿಡಿ, ಸುಮ್ನೆ ಬಿಡಬೇಡಿ. ಅವರು ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿದ್ದರೆ, ಕಾರ್ಮಿಕ ಇಲಾಖೆಯ ಕಲ್ಯಾಣ ಮಂಡಳಿಯಲ್ಲಿ ದುರ್ಬಲತೆ ಪಿಂಚಣಿಗೂ ಪ್ರತ್ಯೇಕ ಅರ್ಜಿ ಹಾಕಬಹುದು.

ಯುಡಿಐಡಿ ಕಾರ್ಡ್: ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ

ಯುಡಿಐಡಿ ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಮಾನಸಿಕ ಕಾಯಿಲೆ ಕೂಡ ಅದರಲ್ಲಿವೆ. ಬೆನ್ನುಹುರಿ ಪೆಟ್ಟು, ಲಕ್ವದಿಂದ ಕೈಕಾಲು ಹೋದದ್ದು ಚಲನವಲನ ವೈಕಲ್ಯದಡಿ ಬರುತ್ತವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂತ ವೈದ್ಯರು ಪ್ರಮಾಣಪತ್ರ ಕೊಟ್ಟರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ.

ಅರ್ಜಿ ಹಾಕುವುದು ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗಳು ಕೂಡ ಅಲ್ಲಿಂದಲೇ ಹಾಕಬಹುದು. ಆದರೂ ಮೊದಲು ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿ. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಎಷ್ಟು ಅಲೆದಾಟ ಅಂತ ಅವರಿಗೆ ಹೇಳಿಕೊಡಬೇಕಿಲ್ಲ. ತಪಾಸಣಾ ಶಿಬಿರ ಯಾವಾಗ, ಯಾವ ದಿನ ಮೂಳೆ ವೈದ್ಯರು ಬರುತ್ತಾರೆ ಎಂಬುದೆಲ್ಲ ಅವರ ಬಾಯಲ್ಲಿರುತ್ತದೆ. ನಮ್ಮ ಕೆಲಸ ದಾರಿಗೆ ಬಂದದ್ದು ಒಬ್ಬ ವಿಆರ್‌ಡಬ್ಲ್ಯೂ ಸಿಕ್ಕ ಮೇಲೇ.

ತಪಾಸಣೆಗೆ ಹೀಗೆ ಮಾಡಿ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮುಖ್ಯ ವೈದ್ಯರಿಗೆ ಒಂದು ಪತ್ರ ಬರೆಯಿರಿ. ರೋಗಿ ಹಾಸಿಗೆ ಹಿಡಿದಿದ್ದಾರೆ, ಮನೆಗೇ ಬಂದು ನೋಡಿ, ಅದು ಆಗದಿದ್ದರೆ ದಿನ ಮತ್ತು ಹೊತ್ತು ಮೊದಲೇ ಗೊತ್ತುಮಾಡಿ ಸರದಿಯಿಲ್ಲದೆ ನೋಡಿ ಅಂತ. ಮಲಗಿರುವ ಫೋಟೊ, ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ. ಪ್ರತಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೂ ಕೊಡಿ. ಎರಡರ ಮೇಲೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಾವು ಹೀಗೆ ಬರೆದ ಮೇಲೆ ವೈದ್ಯರು ವಾಹನದ ಹತ್ತಿರವೇ ಬಂದು ನೋಡಿದರು. ಹತ್ತೇ ನಿಮಿಷದ ಕೆಲಸ.

ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿ. ಮೂತ್ರಕ್ಕೆ ಪೈಪ್ ಇದೆ, ಮಲ ಹಿಡಿತದಲ್ಲಿಲ್ಲ, ಮಗ್ಗುಲು ತಿರುಗಲು ಇನ್ನೊಬ್ಬರು ಬೇಕು ಅಂತ ಬಿಡಿಸಿ ಹೇಳಿ. ನಾಚಿಕೆಯಿಂದ ಚಿಕ್ಕಪ್ಪ ಇದನ್ನೆಲ್ಲ ಹೇಳುತ್ತಲೇ ಇರಲಿಲ್ಲ. ಅವರ ಒಪ್ಪಿಗೆ ಪಡೆದು ಚಿಕ್ಕಮ್ಮ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಶೇಕಡಾವಾರು ಕಡಿಮೆ ಬಂದರೆ ಮಾಸಾಶನವೂ ಕಡಿಮೆಯಾಗುತ್ತದೆ, ಹಾಗಾಗಿ ಈ ಹತ್ತು ನಿಮಿಷ ಮುಖ್ಯ. ಪ್ರಮಾಣಪತ್ರ ಕೈಗೆ ಬಂದಾಗ ಅದು ಶಾಶ್ವತವೋ ತಾತ್ಕಾಲಿಕವೋ ನೋಡಿ. ತಾತ್ಕಾಲಿಕವಾದರೆ ಮುಗಿಯುವ ತಾರೀಕನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಕೈಯಲ್ಲಿ ಬರೆದ ಹಳೆಯ ಪ್ರಮಾಣಪತ್ರ ಇದ್ದವರು ಅದನ್ನೇ ಅಪ್‌ಲೋಡ್ ಮಾಡಿ ಯುಡಿಐಡಿಗೆ ಬದಲಾಯಿಸಿಕೊಳ್ಳಬೇಕು.

ಮಾಸಾಶನ: ನಾಡಕಚೇರಿಯಿಂದ ಮನೆಗೆ

ಅಂಗವಿಕಲರ ಮಾಸಾಶನ ಕೊಡುವುದು ಕಂದಾಯ ಇಲಾಖೆ. ಅಂಗವಿಕಲರ ಇಲಾಖೆಯಲ್ಲಿ ಹೋಗಿ ಕೇಳಿದರೆ ಅಲ್ಲಿಂದ ವಾಪಸ್ ಕಳಿಸುತ್ತಾರೆ. ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ. ವೈಕಲ್ಯ ಶೇ 40ರಿಂದ 75ರ ಒಳಗಿದ್ದರೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಹೆಚ್ಚಿದ್ದರೆ 1,400. ತೀವ್ರ ಬೌದ್ಧಿಕ ವೈಕಲ್ಯ ಇದ್ದವರಿಗೆ 2,000. ಆದಾಯ ಪ್ರಮಾಣಪತ್ರದಲ್ಲಿ ವರ್ಷದ ಆದಾಯ 32,000 ರೂಪಾಯಿಗಿಂತ ಕಡಿಮೆ ಇರಬೇಕು. ಈ ಹಣದಲ್ಲಿ ಒಬ್ಬರು ಬದುಕಲು ಸಾಧ್ಯವೇ ಇಲ್ಲ. ಡೈಪರ್ ಮತ್ತು ಕ್ಯಾಥೆಟರ್‌ಗೇ ಅದು ಸಾಲುವುದಿಲ್ಲ. ಆದರೂ ಬಿಡಬಾರದು. ಅವರ ಹೆಸರಿಗೆ ಪ್ರತಿ ತಿಂಗಳೂ ಬರುವ ಹಣ ಅದೊಂದೇ ಆಗಿರಬಹುದು. ಚಿಕ್ಕಪ್ಪ ಮೊದಲ ತಿಂಗಳ ಹಣದಲ್ಲಿ ಮೊಮ್ಮಗಳಿಗೆ ಶಾಲೆಯ ಚೀಲ ತರಿಸಿದರು.

ಅರ್ಜಿ ಸಲ್ಲಿಸಲು ಮನೆಯವರು ಹೋದರೆ ಸಾಕು. ಆಮೇಲೆ ಗ್ರಾಮ ಆಡಳಿತಾಧಿಕಾರಿ, ಅಂದರೆ ನಾವು ಮೊದಲಿಂದ ಶಾನುಭೋಗರು ಅನ್ನುತ್ತಿದ್ದವರು, ಸ್ಥಳ ವಿಚಾರಣೆ ಮಾಡಬೇಕು. ಇಲ್ಲಿ ಗಟ್ಟಿಯಾಗಿರಿ. ‘ಅವರನ್ನು ಕರೆದುಕೊಂಡು ಬನ್ನಿ’ ಎಂದರೆ, ಹಾಸಿಗೆಯಲ್ಲಿದ್ದಾರೆ ಸರ್, ನೀವೇ ಮನೆಗೆ ಬಂದು ನೋಡಿ ಅಂತ ವಿನಯವಾಗಿ ಹೇಳಿ. ಸ್ಥಳ ವಿಚಾರಣೆ ಅಂದರೇನೇ ಅದು. ರಾಜಸ್ವ ನಿರೀಕ್ಷಕರ ವರದಿಯಾಗಿ ತಹಶೀಲ್ದಾರರ ಮಂಜೂರಾತಿ ಬರುತ್ತದೆ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಕಾಯ್ದೆಯ ಹೆಸರು ‘ಸಕಾಲ’. ಅರ್ಜಿ ಕೊಟ್ಟ ದಿನವೇ ಸಕಾಲದ ಸ್ವೀಕೃತಿ ಚೀಟಿ, ಅದರಲ್ಲಿರುವ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ.

ಮಂಜೂರಾದ ಮೇಲೂ ಹಣ ಬಾರದಿದ್ದರೆ ಮೊದಲು ಬ್ಯಾಂಕ್ ಕಡೆ ನೋಡಿ. ಖಾತೆಗೆ ಆಧಾರ್ ಜೋಡಿಸಿದ್ದರೆ ಸಾಲದು, ಸರ್ಕಾರಿ ಹಣ ಯಾವ ಖಾತೆಗೆ ಹೋಗಬೇಕೆಂದು ದಾಖಲಿಸುವ ಎನ್‌ಪಿಸಿಐಯಲ್ಲಿ ಅದೇ ಖಾತೆ ಮ್ಯಾಪ್ ಆಗಿರಬೇಕು. ಇಲ್ಲದಿದ್ದರೆ ಹಣ ಎಂದೋ ತೆರೆದು ಮರೆತ ಇನ್ನೊಂದು ಖಾತೆಗೆ ಹೋಗಿ ಕೂತಿರುತ್ತದೆ. ಹಣ ತೆಗೆಯಲು ಅಂಚೆಯಣ್ಣನನ್ನು ಕೇಳಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಯಂತ್ರದಿಂದ ಬೇರೆ ಬ್ಯಾಂಕಿನ ಹಣವನ್ನೂ ಹಾಸಿಗೆಯ ಪಕ್ಕದಲ್ಲೇ ಕೊಡಬಹುದು. 70 ದಾಟಿದವರಿಗೆ, ಅಂಗವಿಕಲರಿಗೆ, ಅಶಕ್ತರಿಗೆ ಮನೆ ಬಾಗಿಲಲ್ಲಿ ಸೇವೆ ಕೊಡಿ ಅಂತ ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಮ್ಯಾನೇಜರ್‌ಗೆ ಆ ಸುತ್ತೋಲೆಯ ಹೆಸರು ಹೇಳಿ ಲಿಖಿತವಾಗಿ ಕೇಳಿ.

ಮಿಕ್ಕ ನೆರವುಗಳು

ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನರೇ ಅಂಗವಿಕಲರಾಗಿದ್ದು ಬೇರೆ ಭರವಸೆಯ ದುಡಿಮೆ ಇಲ್ಲದಿದ್ದರೆ ಅಂತ್ಯೋದಯ ಚೀಟಿ ಕೇಳಬಹುದು. ಅದರಲ್ಲಿ ಮನೆಗೆ ತಿಂಗಳಿಗೆ 35 ಕಿಲೋ ಧಾನ್ಯ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ 1 ಲಕ್ಷದವರೆಗೆ ಸಿಗುತ್ತದೆ. ಅದು ಮನೆಯಲ್ಲಿ ನಡೆಯುವ ಥೆರಪಿ, ಹೊರರೋಗಿ ಖರ್ಚಿಗೂ ಬರುವುದು ದೊಡ್ಡ ಅನುಕೂಲ.

ನೋಡಿಕೊಳ್ಳುವವರ ಬಗ್ಗೆ ನಮ್ಮಲ್ಲಿ ಯಾರೂ ಕೇಳುವುದೇ ಇಲ್ಲ. 2024-25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆಯಾಯಿತು. ಈ ನಾಲ್ಕರಲ್ಲಿ ಯಾವುದಾದರೂ ಇದ್ದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಅರ್ಜಿ ಕೊಡಿ. ಬೆನ್ನುಹುರಿ ಪೆಟ್ಟಾದವರನ್ನು ಇದರಿಂದ ಹೊರಗಿಟ್ಟದ್ದು ನನಗೆ ಸರಿ ಕಾಣುವುದಿಲ್ಲ. ಚಿಕ್ಕಮ್ಮ ರಾತ್ರಿಯಲ್ಲೂ ಎರಡು ಗಂಟೆಗೊಮ್ಮೆ ಎದ್ದು ಚಿಕ್ಕಪ್ಪನ ಮಗ್ಗುಲು ಬದಲಿಸುತ್ತಾರೆ. ಅವರ ಕೂಲಿ ಯಾವತ್ತೋ ನಿಂತುಹೋಯಿತು.

ವೀಲ್‌ಚೇರ್‌ಗೆ ಕೇಂದ್ರದ ಅಡಿಪ್ ಯೋಜನೆ ಇದೆ, ಸಲಕರಣೆ ತಯಾರಿಸುವ ಸರ್ಕಾರಿ ಸಂಸ್ಥೆ ಅಲಿಂಕೋದ ಶಿಬಿರಗಳಲ್ಲಿ ಕೊಡುತ್ತಾರೆ. ಆದರೆ ಅಳತೆ ತೆಗೆಯದೆ ಕೊಟ್ಟ ವೀಲ್‌ಚೇರ್ ತೆಗೆದುಕೊಳ್ಳಬೇಡಿ. ಅಗಲ ಜಾಸ್ತಿಯಾದರೆ ಬೆನ್ನು ವಾಲುತ್ತದೆ, ಕುಶನ್ ಇಲ್ಲದಿದ್ದರೆ ಹುಣ್ಣಾಗುತ್ತದೆ. ಬೆಂಗಳೂರಿನ ಎಪಿಡಿ ಸಂಸ್ಥೆ 1959ರಿಂದ ಅಂಗವಿಕಲರ ನಡುವೆ ಕೆಲಸ ಮಾಡುತ್ತಿದೆ, ಬೆನ್ನುಹುರಿ ಪೆಟ್ಟಾದವರ ಪುನರ್ವಸತಿಯನ್ನೂ ಮಾಡುತ್ತದೆ. ಒಮ್ಮೆ ಫೋನ್ ಮಾಡಿ ಮಾತಾಡಿ.

ಕೆಲಸ ನಿಂತರೆ

ಒಂದೇ ಬಾಗಿಲು ಬಡಿಯುತ್ತ ನಿಲ್ಲಬೇಡಿ. ಸಕಾಲ ಕಾಯ್ದೆಯಡಿ ಗಡುವು ಮೀರಿದರೆ ಮೇಲ್ಮನವಿ ಹಾಕಿ. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಸಿಗುತ್ತದೆ. ಹಣ ಸಣ್ಣದು. ಆದರೆ ಮೇಲ್ಮನವಿ ಹೋದರೆ ಮೇಜಿನ ಮೇಲಿನ ಫೈಲು ಅಲುಗಾಡುತ್ತದೆ. ಜನಸ್ಪಂದನ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಿ. ತಹಶೀಲ್ದಾರರು ನಡೆಸುವ ಪಿಂಚಣಿ ಅದಾಲತ್‌ಗೆ ಕಾಗದ ಹಿಡಿದು ನೀವೇ ಹೋಗಿ. ಕೊನೆಗೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲಿ ದೂರು ಕಳಿಸಿ. 2016ರ ಕಾಯ್ದೆ ಅವರಿಗೆ ವಿಚಾರಣೆಯ ಮಟ್ಟಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಕೊಟ್ಟಿದೆ.

ಈಗಿರುವ ಮನೆಯನ್ನು ಹದ ಮಾಡುವುದು

ಹೊಸ ಮನೆ ಸಿಗಲು ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಅವರು ಕೋಣೆಯಲ್ಲೇ ಇರಬೇಕಾ? ಗ್ರಾಮ ಪಂಚಾಯಿತಿಗಳು ತಮ್ಮ ನಿಧಿಯಲ್ಲಿ ಶೇ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ಪಿಡಿಒಗೆ ಅರ್ಜಿ ಕೊಟ್ಟು ರ‍್ಯಾಂಪ್‌ಗೆ, ಶೌಚಾಲಯ ಮಾರ್ಪಾಡಿಗೆ ಆ ನಿಧಿಯಿಂದ ಕೇಳಿ. ಮಾರ್ಚ್ ಹತ್ತಿರ ಬಂದಾಗ ಕೇಳಿದರೆ ಹಣ ಬೇರೆಲ್ಲೋ ಹೋಗಿರುತ್ತದೆ. ವರ್ಷದ ಕ್ರಿಯಾಯೋಜನೆ ಮಾಡುವಾಗಲೇ ಹೆಸರು ಸೇರಿಸಿ.

ರ‍್ಯಾಂಪ್‌ನ ಲೆಕ್ಕ ಸುಲಭ: ಒಂದಕ್ಕೆ ಹನ್ನೆರಡು. ಜಗಲಿ ಒಂದೂವರೆ ಅಡಿ ಎತ್ತರ ಇದ್ದರೆ ರ‍್ಯಾಂಪ್ 18 ಅಡಿ ಉದ್ದ ಬೇಕು. ಊರಿನ ಮೇಸ್ತ್ರಿ ‘ಆರಡಿ ಸಾಕು’ ಅಂತಾರೆ. ಒಪ್ಪಬೇಡಿ. ಅದು ಬೈಕ್ ಹತ್ತಿಸುವ ಇಳಿಜಾರು. ಅದರಲ್ಲಿ ಚಿಕ್ಕಮ್ಮನ ವಯಸ್ಸಿನವರು ವೀಲ್‌ಚೇರ್ ತಳ್ಳಲಾರರು. ಅಂಗಳ ಸಣ್ಣದಾದರೆ ನಡುವೆ ಐದಡಿ ಸಮತಟ್ಟು ಬಿಟ್ಟು ತಿರುಗಿಸಿ. ಎರಡೂ ಬದಿ ಕಂಬಿ ಹಾಕಿ. ಮಲೆನಾಡು, ಕರಾವಳಿಯಲ್ಲಿ ಮಳೆಗೆ ಪಾಚಿ ಕಟ್ಟುತ್ತದೆ. ನುಣ್ಣಗೆ ಸಿಮೆಂಟ್ ಬಳಿಯದೆ ಕಸಪೊರಕೆಯಿಂದ ಗೀರು ಎಳೆಸಿ, ಮೇಲೆ ಶೀಟು ಹಾಕಿಸಿ.

ಹೊಸ್ತಿಲು ನಮ್ಮ ಮನೆಯಲ್ಲಿ ದೊಡ್ಡ ಪ್ರಶ್ನೆಯಾಯಿತು. ಪ್ರತಿ ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲನ್ನು ಕಡಿಯಲು ಚಿಕ್ಕಮ್ಮ ಒಪ್ಪಲಿಲ್ಲ. ಚಿಕ್ಕಪ್ಪನೂ ಬೇಡ ಅಂದರು. ಕಡೆಗೆ ಬಡಗಿ ಹೊಸ್ತಿಲಿನ ಎರಡೂ ಕಡೆ ಇಳಿಜಾರಾದ ಮರದ ಹಲಗೆ ಮಾಡಿಕೊಟ್ಟ. ಪೂಜೆಯ ಹೊತ್ತಿಗೆ ತೆಗೆದಿಡುತ್ತಾರೆ, ಆಮೇಲೆ ಜೋಡಿಸುತ್ತಾರೆ.

ಬಾಗಿಲು ತೆರೆದಾಗ ಮೂರಡಿ ದಾರಿ ಸಿಗಬೇಕು. ವೀಲ್‌ಚೇರ್ ತಿರುಗಲು ಐದಡಿ ವ್ಯಾಸದ ಖಾಲಿ ಜಾಗ ಬೇಕು, ಅಂದರೆ ಈ ಗೋಡೆಯಿಂದ ಆ ಗೋಡೆಗೆ ಐದಡಿ. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ನೂಕಲಾಗುವುದಿಲ್ಲ. ಕಮೋಡ್, ಮಂಚ, ವೀಲ್‌ಚೇರ್ ಮೂರರ ಎತ್ತರ ಒಂದೇ ಇರಲಿ, ಸುಮಾರು ಒಂದೂವರೆ ಅಡಿ. ಆಗ ಎತ್ತುವ ಬದಲು ಜರುಗಿದರೆ ಸಾಕು.

ಹೊಸ ಮನೆ ಮಂಜೂರು ಮಾಡಿಸುವುದು

ಸರ್ಕಾರಿ ವಸತಿ ಯೋಜನೆಗಳಲ್ಲಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ಶೇ 5 ಮೀಸಲಾತಿ ಇದೆ, ಅದರಲ್ಲೂ ಮಹಿಳೆಯರಿಗೆ ಆದ್ಯತೆ. ಇದು ಅದೇ 2016ರ ಕಾಯ್ದೆಯ 37ನೇ ಸೆಕ್ಷನ್. ಹಳ್ಳಿಯಲ್ಲಿ ಬಸವ ವಸತಿ, ಅಂಬೇಡ್ಕರ್ ನಿವಾಸ್, ಪ್ರಧಾನ ಮಂತ್ರಿ ಆವಾಸ್ ಯೋಜನೆಗಳಿವೆ. ವಿಶೇಷ ವರ್ಗದವರಿಗಾಗಿಯೇ ಇರುವ ದೇವರಾಜ ಅರಸು ವಸತಿ ಯೋಜನೆಯಲ್ಲಿ ಅಂಗವಿಕಲರೂ ಸೇರಿದ್ದಾರೆ. ಇದು ಗೊತ್ತಿಲ್ಲದೆ ಬಸವ ವಸತಿಯ ಪಟ್ಟಿಯಲ್ಲೇ ಕಾಯುವವರು ಬಹಳ. ಎರಡರ ಬಗ್ಗೆಯೂ ಪಿಡಿಒ ಹತ್ತಿರ ಕೇಳಿ.

ಮೊದಲು ನಿವೇಶನದ ಕಾಗದ. ಗ್ರಾಮ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದರೆ ಭೂ ಕಂದಾಯ ಕಾಯ್ದೆಯ 94 ಸಿ ಅಡಿ ಸಕ್ರಮವಾಗಿದೆಯಾ ನೋಡಿ. ಜಾಗ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದ್ದು ಪಾಲು ಆಗಬೇಕಿದ್ದರೆ, ದಾನಪತ್ರ ಆಗಬೇಕಿದ್ದರೆ, ಉಪನೋಂದಣಾಧಿಕಾರಿಯನ್ನೇ ಮನೆಗೆ ಕರೆಸಬಹುದು. 1908ರ ನೋಂದಣಿ ಕಾಯ್ದೆಯಲ್ಲೇ ಅಶಕ್ತರಿಗೆ ಈ ಅವಕಾಶ ಇದೆ. ವೈದ್ಯರ ಪತ್ರದೊಂದಿಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ನಮ್ಮಲ್ಲಿ ಅಪ್ಪ ತಮ್ಮನ ಪಾಲು ಬಿಡಿಸಿಕೊಟ್ಟದ್ದು ಹೀಗೇ, ಚಿಕ್ಕಪ್ಪನ ಮಂಚದ ಪಕ್ಕದಲ್ಲಿ.

ಆಮೇಲೆ ಗ್ರಾಮಸಭೆ. ಫಲಾನುಭವಿಯ ಆಯ್ಕೆ ನಡೆಯುವುದು ಅಲ್ಲಿ. ಬರಲಾಗದವರ ಹೆಸರು ಬಿಟ್ಟುಹೋಗುವುದೂ ಅಲ್ಲೇ. ಅವರ ಹೆಬ್ಬೆಟ್ಟಿನ ಅರ್ಜಿ ಹಿಡಿದು ನೀವು ಹೋಗಿ, ಎದ್ದು ನಿಂತು ಓದಿ, ನಡಾವಳಿಯಲ್ಲಿ ಹೆಸರು ಬರೆಸಿ, ವಾರದೊಳಗೆ ನಡಾವಳಿಯ ಪ್ರತಿ ಪಡೆಯಿರಿ. ಮನೆ ಅವರ ಹೆಸರಿಗೇ ಆಗಲಿ ಅಂತ ಕೇಳಿ. ‘ಮಗನ ಹೆಸರಿಗೆ ಮಾಡಿ, ಸುಲಭ’ ಎಂದು ಹೇಳುವವರು ಇರುತ್ತಾರೆ. ನಾಳೆ ಮಗ-ಸೊಸೆ ಜೊತೆ ಹೊಂದದೆ ಹೋದರೆ ಈ ಕಾಗದ ಒಂದೇ ಅವರ ಬೆಂಬಲ.

ಮಂಜೂರಾತಿ ಆದೇಶ ಕೈಗೆ ಬರುವ ಮೊದಲು ಪಾಯ ತೋಡಬೇಡಿ. ಖಾಲಿ ಜಾಗದ ಜಿಪಿಎಸ್ ಫೋಟೊ ಮೊದಲು ಆಗಬೇಕು. ನಂತರ ಪಾಯ, ಗೋಡೆ, ಚಾವಣಿ, ಪೂರ್ಣ ಹೀಗೆ ಹಂತ ಹಂತಕ್ಕೆ ಫೋಟೊ ತೆಗೆದು ಕಂತು ಬಿಡುಗಡೆ ಮಾಡುತ್ತಾರೆ. ಮೊದಲ ಹಂತದ ಖರ್ಚು ನೀವೇ ಹಾಕಬೇಕಾಗುತ್ತದೆ, ಆ ಹಣ ಎಲ್ಲಿಂದ ಅಂತ ಮೊದಲೇ ಯೋಚಿಸಿ.

ಪಟ್ಟಣದಲ್ಲಿ ಕೊಳಗೇರಿ ಅಭಿವೃದ್ಧಿ ಮಂಡಳಿ ಅಥವಾ ವಸತಿ ನಿಗಮದ ಬಹುಮಹಡಿ ಮನೆಯಾದರೆ ನೆಲಮಹಡಿಯೇ ಬೇಕು ಅಂತ ಹಂಚಿಕೆಗೆ ಮುಂಚೆ ಬರೆದುಕೊಡಿ. ಲಿಫ್ಟ್ ಇದೆ ಎಂಬ ಮಾತಿಗೆ ಮೂರನೇ ಮಹಡಿ ಒಪ್ಪಬೇಡಿ.

ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದ ಮನೆಗೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 270 ಚದರ ಅಡಿ. ಇಷ್ಟರಲ್ಲಿ ಎರಡು ಸಣ್ಣ ಕೋಣೆ ಮಾಡಿದರೆ ವೀಲ್‌ಚೇರ್ ಯಾವುದರಲ್ಲೂ ತಿರುಗುವುದಿಲ್ಲ. ಒಂದು ದೊಡ್ಡ ಕೋಣೆ ಮಾಡಿ ಪರದೆ ಹಾಕಿ. ಬಚ್ಚಲು, ಶೌಚಾಲಯ ಒಟ್ಟಿಗಿರಲಿ, ಕೋಣೆಯಿಂದಲೇ ಬಾಗಿಲು ಇರಲಿ. ಸ್ವಿಚ್‌ಗಳು ಮಲಗಿದಲ್ಲಿಂದ ಕೈಗೆಟುಕಲಿ. ಪಾಯ ಹಾಕುವ ದಿನವೇ ಮೇಸ್ತ್ರಿಯನ್ನು ಅವರ ಹಾಸಿಗೆಯ ಹತ್ತಿರ ಕರೆತಂದು ಮಾತಾಡಿಸಿ.

ನಮ್ಮ ಮೇಸ್ತ್ರಿ ಬಂದಾಗ ಚಿಕ್ಕಪ್ಪ ಕೇಳಿದ್ದು ಕಿಟಕಿಯ ಬಗ್ಗೆ. ಎಲ್ಲ ಮನೆಯಂತೆ ಮೂರಡಿ ಮೇಲೆ ಇಟ್ಟರೆ ಮಲಗಿದವರಿಗೆ ಆಕಾಶ ಮಾತ್ರ ಕಾಣುತ್ತದೆ. ಎರಡಡಿಗೇ ಶುರುವಾಗುವಂತೆ ಇಡಿಸಿದರು. ಈಗ ಅಲ್ಲಿಂದ ತೋಟ ಕಾಣುತ್ತದೆ. ಅಡಿಕೆ ಕೊನೆ ಕೊಯ್ಯುವ ಹುಡುಗರು ಮರ ಹತ್ತುವಾಗ, ಸೊಂಟಕ್ಕೆ ಹಗ್ಗ ಕಟ್ಟಿದ್ದಾರಾ ಅಂತ ಅಲ್ಲಿಂದಲೇ ಕೂಗಿ ಕೇಳುತ್ತಾರೆ.